ಸುಮ್ಮನೆ ಕೂತಿದ್ದ ಕಲ್ಲು

ನನಗೆ ಒಂದು ವಿದ್ಯೆ ಚೆನ್ನಾಗಿ ಬರುತ್ತದೆ. ಏನೇ ಅನಾಹುತವಾಗಲಿ, ಅದಕ್ಕೆ ನಾನು ಕಾರಣನಲ್ಲ ಎಂದು ಸಾಬೀತು ಮಾಡುವುದು. ಕೆಲವರು ಇದನ್ನು ಸ್ವಂತ ಖರ್ಚಿನಲ್ಲಿ ಕಲಿಯುತ್ತಾರೆ. ನನಗೆ ಸಂಬಳ ಕೊಟ್ಟು ಕಲಿಸಿದರು. ಹೈದರಾಬಾದಿನ ಒಂದು ಕಚೇರಿಯಲ್ಲಿ (ಯಾವ ಕಚೇರಿ ಎಂದು ಕೇಳಬೇಡಿ, ಪಿಂಚಣಿ ಇನ್ನೂ ಅಲ್ಲಿಂದಲೇ ಬರುತ್ತಿದೆ) ಮೂವತ್ತು ವರ್ಷ ವಿಚಾರಣಾ ವಿಭಾಗದಲ್ಲಿ ಗುಮಾಸ್ತಿಕೆ ಮಾಡಿದವನು ನಾನು. ಕುರ್ಚಿ ಮುರಿದರೆ, ಕಡತ ಕಳೆದರೆ, ಜೀಪು ಗೋಡೆಗೆ ತಾಗಿದರೆ, ಯಾರ ತಪ್ಪು ಎಂದು ಬರೆದು ಮೇಲಕ್ಕೆ ಕಳಿಸುವುದು ನನ್ನ ಕೆಲಸ. ಬರೆಯಲು ಕೂರುವ ಮೊದಲೇ ಉತ್ತರ ಗೊತ್ತಿರುತ್ತಿತ್ತು. ಒಮ್ಮೆ ಸಾಹೇಬರ ಕೋಣೆಯ ಗೋಡೆ ಗಡಿಯಾರ ತಾನಾಗಿ ಕಳಚಿ ಬಿತ್ತು. ಮೊಳೆಯನ್ನು ಅಲ್ಲೇ ಹೊಡೆಯಬೇಕೆಂದು ಹಟ ಹಿಡಿದವರು ಸ್ವತಃ ಸಾಹೇಬರು. ಆದರೂ ನನ್ನ ನಾಲ್ಕು ಪುಟದ ವರದಿಯ ಕೊನೆಯಲ್ಲಿ ತಪ್ಪಿತಸ್ಥನಾಗಿ ನಿಂತವನು ಅಟೆಂಡರ್ ಯಾದಯ್ಯ. ವಾರಕ್ಕೊಮ್ಮೆ ಆ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದವನು ಅವನಲ್ಲವೇ? ಗಡಿಯಾರ ಬಿದ್ದ ದಿನ ಅವನು ರಜೆಯಲ್ಲಿದ್ದ. ಅದನ್ನೂ ನಾನು ಬಿಡಲಿಲ್ಲ. 'ಘಟನೆಯ ವೇಳೆ ಸ್ಥಳದಲ್ಲಿ ಹಾಜರಿರಲಿಲ್ಲ' ಎಂದು ಇನ್ನೊಂದು ತಪ್ಪಾಗಿ ಸೇರಿಸಿದೆ.

ಇಂಥ ಪ್ರತಿಭೆಗೆ ನಿವೃತ್ತಿಯ ನಂತರ ಬೆಲೆ ಇಲ್ಲ. ಮಲ್ಕಾಜ್‌ಗಿರಿಯ ನಮ್ಮ ಮನೆಯಲ್ಲಿ ವಿಚಾರಣೆ ನಡೆಸುವ ಅಧಿಕಾರ ನನ್ನ ಹೆಂಡತಿ ಸುಶೀಲಾಳದು. ಅವಳು ನಾಲ್ಕು ಪುಟ ಬರೆಯುವವಳಲ್ಲ. ಒಮ್ಮೆ ನೋಡುತ್ತಾಳೆ, ಮುಗಿಯಿತು. ಮಗಳು ದೀಪಾ ಮತ್ತು ಅಳಿಯ ನಮ್ಮ ಮನೆಯ ಮೇಲಂತಸ್ತಿನಲ್ಲೇ ಇದ್ದಾರೆ. ದೀಪಾ ಉಪ್ಪಲ್‌ನ ಆಫೀಸಿಗೆ ಹೋಗುತ್ತಾಳೆ, ಅಳಿಯ ವಾರದಲ್ಲಿ ನಾಲ್ಕು ದಿನ ಊರೂರು ತಿರುಗುವ ಕೆಲಸದವನು. ಅವರ ಮಗಳು ಚಿನ್ನಿಗೆ ನಾಲ್ಕು ವರ್ಷ. ಸಂಜೆ ಅವಳನ್ನು ಕಾಲೋನಿಯ ಪಾರ್ಕಿಗೆ ಕರೆದುಕೊಂಡು ಹೋಗುವುದು ಅಜ್ಜಿಯ ಹಕ್ಕಾಗಿತ್ತು. ಅಜ್ಜಿಯ ಮೊಣಕಾಲು ನೋವು ಜೋರಾಗಿ ಆ ಜಾಗ ಖಾಲಿ ಆದಾಗ ನಾನು ತಡಮಾಡದೆ ಅರ್ಜಿ ಹಾಕಿದೆ. ದೀಪಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಪ್ಪಾ, ಒಂದು ವಾರ ನೋಡೂಣು. ಸರಿ ಅನಿಸಿದ್ರ ಮುಂದ ನೀವ ಕರಕೊಂಡು ಹೋಗೀರಂತ" ಅಂದಳು. ಮೂವತ್ತು ವರ್ಷದ ಅನುಭವಸ್ಥನಿಗೆ ಒಂದು ವಾರದ ಪ್ರೊಬೇಶನ್!

ಆದರೂ ಒಪ್ಪಿದೆ. ನಿಜ ಹೇಳುತ್ತೇನೆ, ಆ ಕೆಲಸ ನನಗೆ ಬೇಕಾಗಿತ್ತು. ನಿವೃತ್ತನಾದ ಮೇಲೆ ನನ್ನನ್ನು ಯಾರೂ ಯಾವುದಕ್ಕೂ ಕಾಯುತ್ತಿರಲಿಲ್ಲ. ಹಾಲು ತರುವ ಕೆಲಸವನ್ನೂ ಮೊಬೈಲು ಕಸಿದುಕೊಂಡಿತ್ತು. ಚಿನ್ನಿ ಮಾತ್ರ ಐದು ಗಂಟೆಗೆ ಬಾಗಿಲಲ್ಲಿ ನಿಂತು "ಅಜ್ಜಾ, ಲಗೂನ ಬಾ" ಎಂದು ಕೂಗತೊಡಗಿದ್ದಳು. ಅವಳ ಅಂಗೈಗೆ ನನ್ನ ಇಡೀ ಕೈ ಹಿಡಿಯಲು ಬರುವುದಿಲ್ಲ. ತೋರುಬೆರಳೊಂದನ್ನೇ ಗಟ್ಟಿಯಾಗಿ ಹಿಡಿದು ನಡೆಯುತ್ತಾಳೆ. ಆ ಬೆರಳಿಗೆ ಬಂದ ಮರ್ಯಾದೆ ನನ್ನ ಮಿಕ್ಕ ದೇಹಕ್ಕೆ ಯಾವತ್ತೂ ಬಂದದ್ದಿಲ್ಲ.

ಈ ವಾರವನ್ನು ಅದ್ಧೂರಿಯಾಗಿ ದಾಟಬೇಕೆಂಬ ಹುಮ್ಮಸ್ಸಿನಲ್ಲಿ ಎರಡನೆಯ ದಿನವೇ ಸುಲ್ತಾನ್ ಬಜಾರಿಗೆ ಹೋಗಿ ಚಿನ್ನಿಗೆ ಕೆಂಪು ಬಣ್ಣದ ಬೂಟು ತಂದೆ. ಇಲ್ಲಿ ನಮ್ಮ ಮನೆತನದ ಒಂದು ಸಂಪ್ರದಾಯ ಹೇಳಬೇಕು. ರಾಯಚೂರಿನಿಂದ ನಮ್ಮ ಅಜ್ಜ ಬಂದಾಗಿನಿಂದ ನಮ್ಮಲ್ಲಿ ಯಾರೂ ತಮ್ಮ ಅಳತೆಯ ಬಟ್ಟೆ ಅಥವಾ ಬೂಟು ಹಾಕಿದ್ದಿಲ್ಲ. 'ಬೆಳಿಯೂ ಕೂಸು' ಎಂಬ ಒಂದು ಮಂತ್ರದಿಂದ ಎಲ್ಲವನ್ನೂ ಒಂದೆರಡು ಸೈಜು ದೊಡ್ಡದೇ ತರುವುದು. ಮೊದಲ ಎರಡು ವರ್ಷ ಅದು ಸಡಿಲ, ಆಮೇಲೆ ಒಂದು ತಿಂಗಳು ಸರಿ, ಆಮೇಲೆ ಎರಡು ವರ್ಷ ಬಿಗಿ. ಆ ಒಂದು ತಿಂಗಳಿನಲ್ಲಿ ಫೋಟೋ ತೆಗೆಸಿಕೊಂಡರೆ ತೆಗೆಸಿಕೊಂಡಂತೆ. ನನ್ನ ಮದುವೆಯ ಕೋಟನ್ನೂ ನಮ್ಮಪ್ಪ ಅಗಲವಾಗಿಯೇ ಹೊಲಿಸಿದ್ದರು. "ಮದುವಿ ಆದ ಮ್ಯಾಲ ಮೈ ಬರತೈತಿ" ಎಂದು ಅವರ ಲೆಕ್ಕ. ಮದುವೆಯ ಫೋಟೋದಲ್ಲಿ ಸುಶೀಲಾಳ ಪಕ್ಕ ಒಂದು ಕೋಟು ನಿಂತಿದೆ; ಒಳಗೆ ನಾನಿದ್ದೇನೆ ಎಂದು ಮೊಮ್ಮಗಳಿಗೆ ಹೇಳಿ ನಂಬಿಸಬೇಕಾಗುತ್ತದೆ.

ಬೂಟು ನೋಡಿದ ಕೂಡಲೇ ಸುಶೀಲಾ, "ರೀ, ಭಾಳ ದೊಡ್ಡವು ಆದೂವಲ್ರಿ. ಕೂಸು ಎಡವತೈತಿ" ಅಂದಳು. ಹೆಂಗಸರಿಗೆ ದೂರದೃಷ್ಟಿ ಕಡಿಮೆ ಎಂದು ನಾನು ನಕ್ಕೆ. ಅವಳು ಅಡಿಗೆಮನೆಗೆ ಹೋದಾಗ ದೇವರ ಕೋಣೆಗೆ ನುಗ್ಗಿ, ಅವಳು ಬತ್ತಿ ಹೊಸೆಯಲು ಇಟ್ಟುಕೊಂಡಿದ್ದ ಹತ್ತಿಯಲ್ಲಿ ಅರ್ಧ ಕಟ್ಟು ಎತ್ತಿ, ಎರಡೂ ಬೂಟಿನ ತುದಿಗೆ ತುರುಕಿದೆ. ಚಿನ್ನಿ ಹಾಕಿಕೊಂಡು ಟಪ ಟಪ ಎಂದು ಓಡಾಡಿದಳು. ನೋಡಿ, ಎಷ್ಟು ಸರಿಯಾಯಿತು! ದೇವರಿಗೆ ಸಲ್ಲಬೇಕಾದದ್ದು ಮಗುವಿನ ಪಾದಕ್ಕೆ ಸಂದಿತು ಎಂದು ನನಗೆ ನಾನೇ ಒಂದು ಸಣ್ಣ ಪ್ರವಚನವನ್ನೂ ಹೇಳಿಕೊಂಡೆ.

ಅನಾಹುತ ಆದದ್ದು ಐದನೆಯ ದಿನ. ಪಾರ್ಕಿನ ಬೆಂಚಿನಲ್ಲಿ ನನ್ನ ಜೊತೆ ಕೂರುವವರು ರಾವ್‌ಗಾರು, ಬ್ಯಾಂಕಿನಿಂದ ನಿವೃತ್ತರಾದವರು, ಮಿತಭಾಷಿ. ಮಿತಭಾಷಿಗಳ ಪಕ್ಕದಲ್ಲಿ ಕೂತರೆ ನನಗೆ ಮಾತು ಉಕ್ಕುತ್ತದೆ. ಅವತ್ತು ನಾನು ಹಿಡಿದಿದ್ದ ವಿಷಯ, ಈಗಿನ ಕಾಲದ ತಂದೆತಾಯಿಗಳಿಗೆ ಮಕ್ಕಳ ಮೇಲೆ ನಿಗಾ ಇಲ್ಲ ಎಂಬುದು. ನಾಲ್ಕು ಮಾರು ದೂರದಲ್ಲಿ ಒಬ್ಬ ತಾಯಿ ಮೊಬೈಲು ನೋಡುತ್ತಿದ್ದಳು, ಅವಳನ್ನೇ ಉದಾಹರಣೆಯಾಗಿ ತೋರಿಸಿ, "ಪಿಲ್ಲಲನಿ ಎವರು ಚೂಸುಕುಂಟುನ್ನಾರಂಡಿ ಈ ರೋಜುಲ್ಲೋ?" ಎಂದು ಕೈ ಎತ್ತಿ ಕೇಳಿದೆ. ಈ ದಿನಗಳಲ್ಲಿ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ಹೇಳಿ? ವಿಷಯ ಎಷ್ಟು ಗಂಭೀರವಾಗಿತ್ತೆಂದರೆ, ಅದನ್ನು ಹೇಳುವ ಭರದಲ್ಲಿ ನಾನು ಪೂರ್ತಿ ರಾವ್‌ಗಾರ ಕಡೆ ತಿರುಗಿ, ಚಿನ್ನಿಗೆ ಬೆನ್ನು ಮಾಡಿ ಕಾಲು ಗಂಟೆ ಆಗಿತ್ತು. ಉತ್ತರ ರಾವ್‌ಗಾರ ಕಡೆಯಿಂದ ಬರಲಿಲ್ಲ. ನನ್ನ ಬೆನ್ನ ಹಿಂದಿನಿಂದ ಬಂತು, ಕಿಟಾರನೆ.

ಒಂದು ಪಾರಿವಾಳ ತನ್ನಷ್ಟಕ್ಕೆ ತಾನು ನಡೆದು ಹೊರಟಿತ್ತಂತೆ. ಚಿನ್ನಿ ಅದರ ಹಿಂದೆ ಓಡಿದ್ದಾಳೆ. ಕಾಲುದಾರಿಯ ಅಂಚಿಗೆ ಸಾಲಾಗಿ ನೆಟ್ಟ ಕಲ್ಲುಗಳಲ್ಲಿ ಒಂದಕ್ಕೆ ಬೂಟಿನ ತುದಿ ತಗುಲಿ ಅಂಗಾತ ಅಲ್ಲ, ಬೋರಲು ಬಿದ್ದಿದ್ದಾಳೆ. ಮೊಣಕಾಲು ತರಚಿ, ರಕ್ತ ನಾಲ್ಕು ಕಡೆ ಸಣ್ಣಗೆ ಜಿನುಗುತ್ತಿತ್ತು. ನಾನು ಓಡಿದೆ. ಇಂಥ ಹೊತ್ತಿನಲ್ಲಿ ಮನುಷ್ಯ ತನಗೆ ಗೊತ್ತಿರುವುದನ್ನೇ ಮಾಡುತ್ತಾನೆ. ನನಗೆ ಗೊತ್ತಿರುವುದು ವಿಚಾರಣೆ. "ಹೆಂಗ ಬಿದ್ದಿ? ಯಾಕ ಓಡಿದಿ? ಓಡಬ್ಯಾಡ ಅಂತ ನಾ ಹೇಳಿದ್ದಿಲ್ಲೇನು?" ಎಂದು ಗಾಯಾಳುವನ್ನೇ ಪ್ರಶ್ನಿಸತೊಡಗಿದೆ. ಗಾಯಾಳು ಇನ್ನೂ ಜೋರಾಗಿ ಅತ್ತಿತು.

ಆಗ ನಮ್ಮ ಹಿರಿಯರ ಇನ್ನೊಂದು ಕ್ರಮ ನೆನಪಾಯಿತು. ಮಗು ಬಿದ್ದರೆ ಬೀಳಿಸಿದ್ದನ್ನು ಹೊಡೆಯಬೇಕು. ನೆಲವಾದರೆ ನೆಲ, ಕಂಬವಾದರೆ ಕಂಬ. ನಾನು ಬಿಸಿಲಿಗೆಂದು ತಂದಿದ್ದ ಛತ್ರಿ ಎತ್ತಿ ಆ ಕಲ್ಲಿಗೆ ಬಾರಿಸಿದೆ. "ನಮ್ಮ ಚಿನ್ನೀನ ಬೀಳಸ್ತೀ ಏನು? ತಗೋ! ಇನ್ನೊಂದು ತಗೋ!" ನಾಲ್ಕನೆಯ ಏಟಿಗೆ ಛತ್ರಿಯ ಒಂದು ಕಡ್ಡಿ ಬಾಗಿತು. ಸುತ್ತ ಜನ ಸೇರಿದರು. ಒಬ್ಬರು ಅರಿಶಿನ ಅಂದರು, ಒಬ್ಬರು ಕಾಫಿಪುಡಿ ಮೆತ್ತಿ ಅಂದರು, ಮೊಬೈಲು ನೋಡುತ್ತಿದ್ದ ಆ ತಾಯಿ ಟೂತ್‌ಪೇಸ್ಟ್ ಎಂದು ಮೊಬೈಲಿನಲ್ಲೇ ಓದಿ ಹೇಳಿದಳು. ಬೆಳಗ್ಗೆ ಎದ್ದ ಮೇಲೆ ಬೇಕಾದದ್ದೆಲ್ಲ ಮಗುವಿನ ಮೊಣಕಾಲಿಗೆ ಶಿಫಾರಸು ಆಯಿತು. ಯಾರೂ ಮುಟ್ಟಲಿಲ್ಲ.

ಗೇಟಿನ ಹತ್ತಿರ ಮೆಕ್ಕೆಜೋಳ ಸುಡುವ ಬೀಬಿ ಒಬ್ಬಳಿದ್ದಾಳೆ. ಅವಳು ಬೀಸಣಿಗೆ ಕೆಳಗಿಟ್ಟು, ಗುಂಪು ಸೀಳಿಕೊಂಡು ಬಂದು, "ಅರೆ ಚಚಾ, ಪತ್ಥರ್ ಕು ಬಾದ್ ಮೇ ಮಾರೋ, ಪೈಲೇ ಬಚ್ಚೀ ಕು ದೇಖೋ" ಅಂದಳು. ಕಲ್ಲಿಗೆ ಆಮೇಲೆ ಹೊಡೆಯಬಹುದು, ಮೊದಲು ಮಗುವನ್ನು ನೋಡು. ಮೂವತ್ತು ವರ್ಷದಲ್ಲಿ ನನಗೆ ಯಾರೂ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಆದೇಶ ಕೊಟ್ಟಿರಲಿಲ್ಲ. ಅವಳು ಚಿನ್ನಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಾಟಲಿಯ ಕುಡಿಯುವ ನೀರನ್ನು ಸಣ್ಣಗೆ ಬಿಡುತ್ತ ಮಣ್ಣು ತೊಳೆದಳು. ಏನೇನೋ ಹೇಳಿ ನಗಿಸಿದಳು. ಅಳು ಬಿಕ್ಕಳಿಕೆಗೆ ಇಳಿಯಿತು.

ಅಷ್ಟರಲ್ಲಿ ರಾವ್‌ಗಾರು ನಿಧಾನವಾಗಿ ಬಂದು, ಬಗ್ಗಿ ನೋಡಿ, "ದೂದಿ ಉಂದಾ ಅಂಡಿ?" ಎಂದು ಕೇಳಿದರು. ಹತ್ತಿ ಇದೆಯೇ ಎಂದು. ಇಷ್ಟು ಹೊತ್ತಿನಿಂದ ಯಾವ ಪ್ರಯೋಜನಕ್ಕೂ ಬಾರದೆ ನಿಂತಿದ್ದ ನನಗೆ ಒಂದು ಅವಕಾಶ ಸಿಕ್ಕಿತು. ನನ್ನ ಹತ್ತಿರ ಹತ್ತಿ ಇತ್ತಲ್ಲ! "ಉಂದಿ, ಉಂದಿ!" ಎಂದು ಕೂಗಿ, ಚಿನ್ನಿಯ ಬಲಗಾಲಿನ ಬೂಟು ಕಳಚಿ, ಒಳಗೆ ಎರಡು ಬೆರಳು ಹಾಕಿ ಎಳೆದೆ. ಬಂತು. ಇನ್ನೂ ಎಳೆದೆ, ಇನ್ನೂ ಬಂತು. ನೆರೆದವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ನಾನು ತುರುಕುವಾಗ ಅಷ್ಟೊಂದು ಇತ್ತೆಂದು ನನಗೂ ನೆನಪಿರಲಿಲ್ಲ. ಪೂರ್ತಿ ಎಳೆದು ಮುಗಿದಾಗ ನನ್ನ ಕೈಯಲ್ಲಿ ಒಂದು ಸಣ್ಣ ದಿಂಬಿಗಾಗುವಷ್ಟು ಹತ್ತಿ ಇತ್ತು. ಬೂಟಿನಲ್ಲಿ ಇನ್ನೊಂದು ಮಗುವಿನ ಕಾಲಿಗಾಗುವಷ್ಟು ಜಾಗ ಇತ್ತು.

ರಾವ್‌ಗಾರು ಬೂಟನ್ನು ನೋಡಿದರು. ಚಿನ್ನಿಯ ಪಾದವನ್ನು ನೋಡಿದರು. ಆಮೇಲೆ ನನ್ನನ್ನು ನೋಡಿ, ಬಹಳ ವಿನಯದಿಂದ, "ಸೈಜು ಕೊಂಚಂ ಪೆದ್ದಗುಂದಂಡಿ" ಅಂದರು. ಸ್ವಲ್ಪ ದೊಡ್ಡದಾಗಿದೆ. ಬೀಬಿ ನನ್ನ ಕೈಯ ಹತ್ತಿಯನ್ನು ಮುಟ್ಟಲೂ ಇಲ್ಲ, "ಛೀ, ಗಂದಾ ಹೈ, ಫೇಂಕೋ" ಎಂದು ಬೈದಳು. ಗಲೀಜು, ಎಸೆ ಎಂದು. ಕೊನೆಗೆ ರಾವ್‌ಗಾರು ಇಸ್ತ್ರಿ ಮಡಿಕೆ ಬಿಚ್ಚದ ತಮ್ಮ ಕರವಸ್ತ್ರ ಕೊಟ್ಟರು. ಬೀಬಿ ಅದನ್ನು ಹಗುರವಾಗಿ ಸುತ್ತಿದಳು. ಪ್ರಥಮ ಚಿಕಿತ್ಸೆಯಲ್ಲಿ ನನ್ನ ಪಾಲು ಬಾಗಿದ ಛತ್ರಿ ಮತ್ತು ಪತ್ತೆಯಾದ ಸಾಕ್ಷ್ಯ.

ಗುಂಪು ಕರಗಿದ ಮೇಲೆ ನಾನು ಚಿನ್ನಿಯನ್ನು ಎತ್ತಿಕೊಂಡು, "ಕಲ್ಲಿಗೆ ಬರೋಬ್ಬರಿ ಬುದ್ಧಿ ಕಲಿಸೀನಿ, ಬಂಗಾರಿ. ಇನ್ನೊಮ್ಮೆ ನಿನ್ನ ಸುದ್ದೀಗೆ ಬರೂದಿಲ್ಲ ನೋಡು" ಅಂದೆ. ಅವಳು ನನ್ನ ಹೆಗಲ ಮೇಲಿಂದ ಹಿಂದೆ ನೋಡುತ್ತ, ಸ್ವಲ್ಪ ಯೋಚಿಸಿ, "ಅಜ್ಜಾ, ಅದು ಸುಮ್ನ ಕುಂತಿತ್ತಲ್ಲ?" ಎಂದು ಕೇಳಿದಳು. ನಾನು ನಡಿಗೆ ಚುರುಕು ಮಾಡಿದೆ. "ಸುಮ್ನ ಕುಂತಿತ್ತು," ಅವಳೇ ಮುಂದುವರಿಸಿದಳು, "ನಿನ್ನಂಗ."

ಗಾಯ ದೊಡ್ಡದಲ್ಲ, ನಾಲ್ಕು ದಿನಕ್ಕೆ ಮಾಯುವಂಥದು. ನನ್ನ ಚಿಂತೆ ಬೇರೆ. ಇನ್ನೆರಡು ದಿನ ಕಳೆದಿದ್ದರೆ ಸಂಜೆಗಳು ನನ್ನವಾಗುತ್ತಿದ್ದವು. ಈಗ ದೀಪಾ ಒಂದು ಮಾತು ಅಂದರೆ ಮುಗಿಯಿತು, ಐದು ಗಂಟೆಗೆ ಬಾಗಿಲಲ್ಲಿ ನನ್ನನ್ನು ಕೂಗುವವರು ಯಾರೂ ಇರುವುದಿಲ್ಲ. ಆದ್ದರಿಂದ ಸಾಕ್ಷಿಯನ್ನು ಸಿದ್ಧಪಡಿಸುವುದು ಅನಿವಾರ್ಯವಾಯಿತು. ಬೀಬಿಯ ಹತ್ತಿರ ಎಳೆಯದಾದ ಒಂದು ಜೋಳ ಸುಡಿಸಿ, ಖಾರವಿಲ್ಲದೆ ನಿಂಬೆಹುಳಿ ಸವರಿಸಿ, ಚಿನ್ನಿಯ ಕೈಗಿಟ್ಟು, ದಾರಿಯುದ್ದಕ್ಕೂ ಪಾಠ ಒಪ್ಪಿಸಿದೆ. "ಅಮ್ಮ ಕೇಳಿದ್ರ ಏನಂತಿ?" "ಕಲ್ಲು ಬೀಳಿಸ್ತು." "ಶಾಣ್ಯಾಕಿ!" ಮನೆಗೆ ಬಂದು ಬೂಟುಗಳನ್ನು ಚಪ್ಪಲಿ ಗೂಡಿನ ಹಿಂದಕ್ಕೆ ದೂಡಿದೆ.

ಸುಶೀಲಾ ಬಾಗಿಲಲ್ಲೇ ಕರವಸ್ತ್ರ ಕಂಡು ಕೂಸನ್ನು ಕಸಿದುಕೊಂಡಳು. ನಾನು ಅವಳಿಗೆ ಕೆಲಸ ಹಚ್ಚಲು, "ಯಾರದೋ ದೃಷ್ಟಿ ಆಗೇತಿ ಅನಸ್ತೈತಿ. ಆ ರಾವ್‌ಗಾರು ಇವಳ್ನ ಭಾಳ ಹೊತ್ತು ನೋಡಾಕತ್ತಿದ್ದರು" ಅಂದೆ. ಕರವಸ್ತ್ರ ಕೊಟ್ಟ ಮನುಷ್ಯನ ಮೇಲೆ ಇಷ್ಟು ಬೇಗ ವರದಿ ಬರೆದದ್ದಕ್ಕೆ ನನಗೇ ನನ್ನ ಹಳೆಯ ಕೈಚಳಕ ಮರಳಿ ಬಂದಂತೆನಿಸಿತು. ಅವಳು ಉಪ್ಪು, ಒಣಮೆಣಸಿನಕಾಯಿ ಇಳಿದೆಗೆದು ಬೆಂಕಿಗೆ ಹಾಕಿದಳು. ದೃಷ್ಟಿ ನಿಜವಾಗಿದ್ದರೆ ಘಾಟು ಬರುವುದಿಲ್ಲ ಎಂಬುದು ನಮ್ಮವರ ನಂಬಿಕೆ. ಘಾಟು ಎಂದರೆ ಎಂಥ ಘಾಟು! ನಾವು ಮೂವರೂ ಕೆಮ್ಮಿ ಕೆಮ್ಮಿ ಅಂಗಳಕ್ಕೆ ಓಡಿಬಂದೆವು. ಸುಶೀಲಾ ಕಣ್ಣೀರು ಒರೆಸಿಕೊಳ್ಳುತ್ತ, "ದೃಷ್ಟಿ ಅಲ್ಲರಿ ಇದು" ಎಂದು ನನ್ನನ್ನು ನೋಡಿದಳು. ರಾವ್‌ಗಾರು ನಿರ್ದೋಷಿಯಾಗಿ ಬಿಡುಗಡೆ ಆದರು. ಆರೋಪಿಗಳ ಪಟ್ಟಿ ಚಿಕ್ಕದಾಯಿತು.

ಏಳು ಗಂಟೆಗೆ ದೀಪಾ ಬಂದಳು. ಅವಳು ಬ್ಯಾಗು ಇಳಿಸುವ ಮೊದಲೇ ನಾನು ಮೌಖಿಕ ವರದಿ ಶುರುಮಾಡಿದೆ. ಕಾಲುದಾರಿಯ ಕಲ್ಲುಗಳು ಎದ್ದು ನಿಂತಿರುವುದು, ಪಾರಿವಾಳಗಳಿಗೆ ಕಾಳು ಹಾಕಿ ರೂಢಿ ಕೆಡಿಸುವ ಜನ, ಸಂಜೆಯ ಮಂದ ಬೆಳಕು. ಐದೂವರೆಗೆ ಬಿಸಿಲು ಚೆನ್ನಾಗಿಯೇ ಇತ್ತು, ಆದರೂ ಹೇಳಿದೆ. ದೀಪಾ ಕರವಸ್ತ್ರ ಬಿಚ್ಚಿ ಗಾಯ ನೋಡಿದಳು. "ಚೊಲೋ ತೊಳದಾರ" ಅಂದಳು. ಆಮೇಲೆ, "ಹೆಂಗ ಬಿದ್ದಿ, ಚಿನ್ನಿ?"

ಚಿನ್ನಿ ನನ್ನ ಮುಖ ನೋಡಿದಳು. ನಾನು ಹುಬ್ಬು ಹಾರಿಸಿದೆ. ಅವಳು ಪಾಠ ಒಪ್ಪಿಸುವ ದನಿಯಲ್ಲಿ, "ಕಲ್ಲು ಬೀಳಿಸ್ತು ಅಂತ ಹೇಳು ಅಂದಾನ ಅಜ್ಜ. ಜೋಳಾ ಕೊಡಿಸ್ಯಾನ" ಅಂದಳು.

ಸುಶೀಲಾ ಎದ್ದುಹೋಗಿ ಚಪ್ಪಲಿ ಗೂಡಿನ ಹಿಂದಿನಿಂದ ನೇರವಾಗಿ ಬೂಟುಗಳನ್ನೇ ತೆಗೆದುಕೊಂಡು ಬಂದಳು. ಅಲ್ಲಿಟ್ಟಿದ್ದೇನೆಂದು ಅವಳಿಗೆ ಹೇಗೆ ಗೊತ್ತಾಯಿತೆಂದು ನಾನು ಇವತ್ತಿಗೂ ಕೇಳಿಲ್ಲ. ಎಡಗಾಲಿನ ಬೂಟಿನಲ್ಲಿ ಹತ್ತಿ ಇನ್ನೂ ಹಾಗೇ ಇತ್ತು. "ನನ್ನ ಬತ್ತಿ ಹತ್ತಿ!" ಎಂದು ಉದ್ಗರಿಸಿ, "ಕುಣೀಲಾರದಾಕಿ ನೆಲಾ ಡೊಂಕು ಅಂದ್ಲಂತ" ಎಂದು ಗಾದೆಯನ್ನು ಗಾಳಿಗೆ ಬಿಟ್ಟಳು. ಗಾಳಿ ಅದನ್ನು ನನ್ನ ಕಡೆಗೇ ತಂದಿತು.

ದೀಪಾ ಕೂಗಾಡಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಕೂಗಾಡುವವರಿಗೆ ಉತ್ತರ ಕೊಡಲು ನನಗೆ ಬರುತ್ತದೆ. ಅವಳು ಕೂಗಾಡಲಿಲ್ಲ. ಗದ್ದದ ಕೆಳಗಿನ ತನ್ನ ಹಳೆಯ ಕಲೆಯನ್ನು ಬೆರಳಿನಿಂದ ಮುಟ್ಟಿಕೊಂಡು ಸಣ್ಣಗೆ ಹೇಳಿದಳು: "ಅಪ್ಪಾ, ಹುಡುಗರು ಬೀಳತಾವು, ಅದೇನ ದೊಡ್ಡದಲ್ಲ. ಇದು ಹೆಂಗ ಆತು, ನೆನಪೈತೇನು? ಸಾಲಿಗೆ ಅಂತ ದೊಡ್ಡ ಬೂಟು ತಂದಿದ್ರಿ. ಹೊಸಿಲಿಗೆ ಎಡವಿ ಬಿದ್ದೆ. ನೀವು ಹೊಸಿಲಿಗೆ ಹೊಡದ್ರಿ. ನಾ ಭಾಳ ದಿನ ಆ ಹೊಸಿಲು ಕೆಟ್ಟದ್ದು ಅಂತ ತಿಳಕೊಂಡು ಜಿಗದು ಜಿಗದು ದಾಟತಿದ್ದೆ. ಅದರ ಸಲುವಾಗೇ ಮತ್ತೆರಡು ಸಲ ಬಿದ್ದೆ."

ನನಗೆ ನೆನಪಿರಲಿಲ್ಲ. ಅದೇ ಹೆಚ್ಚು ನೋವಾಯಿತು. ಹೊಸಿಲಿಗೆ ಹೊಡೆದವನು ಮರೆತಿದ್ದೆ, ಅದನ್ನು ಜಿಗಿದು ದಾಟಿದವಳಿಗೆ ಎಲ್ಲ ನೆನಪಿತ್ತು. ಏಕೋ ಯಾದಯ್ಯ ಕಣ್ಣ ಮುಂದೆ ಬಂದ. ನನ್ನ ಬೀಳ್ಕೊಡುಗೆಯ ದಿನ ಎಲ್ಲರಂತೆ ಅವನೂ ಹಾರ ಹಾಕಿ ನಕ್ಕಿದ್ದ. ಗಡಿಯಾರದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಬಹುದಾಗಿತ್ತು.

"ತಪ್ಪು ನಂದವ್ವ" ಅಂದೆ. ಜೀವನದಲ್ಲಿ ಮೊದಲ ಸಲ ಹೇಳುತ್ತಿದ್ದೆ. ಅಲ್ಲಿಗೇ ನಿಲ್ಲಿಸಿದ್ದರೆ ಗಾಂಭೀರ್ಯ ಉಳಿಯುತ್ತಿತ್ತು. ಆದರೆ ಮೂವತ್ತು ವರ್ಷದ ಚಟ ಬಿಟ್ಟೀತೇ? "ಆದರ ಆ ಕಲ್ಲೂ ಸ್ವಲ್ಪ..." ಎಂದು ಬಾಯಿ ತೆರೆದೆ. ಸುಶೀಲಾ ನೋಡಿದಳು. ಮುಚ್ಚಿದೆ. ಆಮೇಲೆ ನಾನೇ, "ನಾಳಿಂದ ನಾ ಹೋಗೂದಿಲ್ಲ ಬಿಡು" ಎಂದು ರಾಜೀನಾಮೆಯನ್ನೂ ಕೊಟ್ಟೆ. ವಜಾ ಆಗುವುದಕ್ಕಿಂತ ಅದು ವಾಸಿ.

ದೀಪಾ ಮಗಳ ಕಡೆ ತಿರುಗಿದಳು. "ನಾಳೆ ಯಾರ ಕೂಡ ಹೋಗತಿ, ಚಿನ್ನಿ?"

"ಅಜ್ಜನ ಕೂಡ," ಅಂದಳು ಚಿನ್ನಿ, ಜೋಳದ ದಿಂಡು ನೆಕ್ಕುತ್ತ. "ಆದರ ಅಜ್ಜ ಕಲ್ಲಿಗೆ ಸಾರಿ ಕೇಳಬೇಕು."

ಹೀಗೆ ನನ್ನ ನೌಕರಿ ಉಳಿಯಿತು. ಮರುದಿನ ಐದು ಗಂಟೆಗೆ, ತನ್ನ ಅಳತೆಯ ಹಳೆಯ ಚಪ್ಪಲಿ ಹಾಕಿಕೊಂಡು, ನನ್ನ ತೋರುಬೆರಳು ಹಿಡಿದು, ಚಿನ್ನಿ ನನ್ನನ್ನು ಪಾರ್ಕಿಗೆ ಕರೆದುಕೊಂಡು ಹೋದಳು. ಬೆಂಚಿನಲ್ಲಿ ರಾವ್‌ಗಾರು, ಗೇಟಿನಲ್ಲಿ ಬೀಬಿ, ಮೊಬೈಲಿನ ಆ ತಾಯಿ, ಎಲ್ಲರೂ ಇದ್ದರು. ಕರವಸ್ತ್ರ ಒಗೆದು ಇಸ್ತ್ರಿ ಮಾಡಿಸಿ ತಂದಿದ್ದೆ, ಕೊಟ್ಟೆ. ಯಾರೂ ಇಲ್ಲದ ಹೊತ್ತು ನೋಡಿ ಕಲ್ಲಿನ ಕೆಲಸ ಮುಗಿಸೋಣವೆಂದರೆ ಚಿನ್ನಿ ಒಪ್ಪಬೇಕಲ್ಲ. ಹೊಡೆದದ್ದು ಎಲ್ಲರ ಮುಂದೆ ತಾನೇ? ನಾನು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಅದರ ತಲೆ ಸವರಿ, "ತಪ್ಪಾತಪ್ಪಾ" ಅಂದೆ. "ಜೋರಾಗಿ," ಅಂದಳು ಚಿನ್ನಿ. ಜೋರಾಗಿ ಅಂದೆ. ಅವಳು ತೃಪ್ತಿಯಿಂದ ತಲೆಯಾಡಿಸಿ, ಕಲ್ಲಿಗೆ ತಾನೂ ಒಂದು ಸಲ ಉಫ್ ಎಂದು ಊದಿದಳು.

ಏಳುವಾಗ ಮೊಣಕಾಲು ಲಟಕ್ ಅಂದಿತು, ಜೋಲಿ ತಪ್ಪಿ, ಅದೇ ಕಲ್ಲಿನ ಪಕ್ಕದ ಕಾಲುದಾರಿಯ ಮೇಲೆ ಅಂಗೈ ಊರಿ ಧಪ್ಪನೆ ಕೂತೆ. ಅಂಗೈ ತರಚಿತು. ಚಿನ್ನಿ ಸುತ್ತ ನೋಡಿದಳು. ಹೊಡೆಯಲು ಯಾರೂ ಕಾಣಲಿಲ್ಲವೆಂದು ತೋರುತ್ತದೆ. ನನ್ನ ಕೈಗೇ ಮೆಲ್ಲಗೆ ಒಂದು ಬಾರಿಸಿ, "ನೋಡಕೋತ ಏಳಬೇಕಿಲ್ಲೋ ಅಜ್ಜಾ" ಎಂದು ಗದರಿದಳು. ಅಷ್ಟರಲ್ಲಿ ಬೆಂಚಿನ ಕಡೆಯಿಂದ, ಅಪರೂಪಕ್ಕೆ ಬಾಯಿ ಬಿಡುವ ರಾವ್‌ಗಾರು ವಿನಯದಿಂದ ಕೂಗಿ ಕೇಳಿದರು: "ಏಮಂಡೀ, ದೂದಿ ಕಾವಾಲಾ?" ಹತ್ತಿ ಬೇಕೇ ಎಂದು.

ನಾನು ನನ್ನ ಚಪ್ಪಲಿಗಳನ್ನೇ ನೋಡುತ್ತ ಕೂತೆ. ಎರಡೂ ನನ್ನ ಕಾಲಿಗೆ ಸರಿಯಾದ ಅಳತೆಯವು. ಈ ಸಲದ ತಪ್ಪನ್ನು ಯಾರ ಹೆಸರಿಗೆ ಬರೆಯಬೇಕೆಂದು ಇನ್ನೂ ಹೊಳೆದಿಲ್ಲ.